ಸೇತುವೆ ದಾಟಿದರೆ ಬೇರೆ ಕಾನೂನು: ಬಂದೂಕಿನ ಅಂಗಡಿ ಮತ್ತು ಪೊಲೀಸರ ಮರ್ಜಿ

ಇಲ್ಲಿ ಕೂತು ಕೇಳುತ್ತಿರುವ ಅಮೆರಿಕದ ಕನ್ನಡಿಗರೇ, ಡೆಲವೇರ್ ನದಿಯ ಈ ದಡ ಪೆನ್ಸಿಲ್ವೇನಿಯಾ, ಆ ದಡ ನ್ಯೂಜೆರ್ಸಿ. ನಡುವೆ ಸೇತುವೆಗಳು. ಕಾರಿನಲ್ಲಿ ದಾಟಲು ಎರಡು ನಿಮಿಷ ಸಾಕು. ಗ್ರೀನ್ ಕಾರ್ಡ್ ಬಂದ ಮೇಲೆ ನಾನು ಪೆನ್ಸಿಲ್ವೇನಿಯಾ ಕಡೆಯ ಒಂದು ಅಂಗಡಿಯಲ್ಲಿ ಆರು ವರ್ಷ ಶನಿವಾರ, ಭಾನುವಾರದ ಕೆಲಸ ಮಾಡಿದೆ. ಮುಂದೆ ಮೀನಿನ ಗಾಳ, ಟೆಂಟು, ಬೇಟೆಗೆ ಹೋಗುವವರ ಬೂಟು. ಹಿಂದಿನ ಗೋಡೆಯ ತುಂಬ ಬಂದೂಕು. ನಾನು ನಿಲ್ಲುತ್ತಿದ್ದದ್ದು ಆ ಹಿಂದಿನ ಗೋಡೆಯ ಮುಂದೆ.

ಅಂಗಡಿಯ ಮುಂದೆ ನಿಲ್ಲುವ ಕಾರುಗಳಲ್ಲಿ ತುಂಬ ಕಾರುಗಳಿಗೆ ನ್ಯೂಜೆರ್ಸಿಯ ನಂಬರ್ ಪ್ಲೇಟು. ಕೌಂಟರಿಗೆ ಬಂದು ಅವರು ಕೇಳುವ ಮೊದಲ ಮಾತು ಹೆಚ್ಚು ಕಡಿಮೆ ಒಂದೇ: "ನಮ್ಮ ಕಡೆ ತುಂಬ ತಡ ಮಾಡ್ತಾರೆ. ನೀವು ಇಲ್ಲೇ ಕೊಟ್ಟುಬಿಡಬಹುದಾ?"

ಅದಕ್ಕೆ ಉತ್ತರ ಯಾವ ಬಂದೂಕು ಅನ್ನುವುದರ ಮೇಲಿದೆ. ಪಿಸ್ತೂಲು, ರಿವಾಲ್ವರ್ ಆದರೆ ಖಂಡಿತ ಇಲ್ಲ. ಒಂದು ರಾಜ್ಯದ ಅಂಗಡಿಯವನು ಬೇರೆ ರಾಜ್ಯದಲ್ಲಿ ವಾಸ ಇರುವವರ ಕೈಗೆ ಪಿಸ್ತೂಲು ಕೊಡುವ ಹಾಗಿಲ್ಲ. ಅದನ್ನು ಅವರ ರಾಜ್ಯದ ಲೈಸೆನ್ಸ್ ಇರುವ ಅಂಗಡಿಗೆ ಕಳಿಸಬೇಕು. ಅಲ್ಲಿನ ಕಾನೂನಿನ ಪ್ರಕಾರ ಅವರು ಅಲ್ಲೇ ತೆಗೆದುಕೊಳ್ಳಬೇಕು. ರೈಫಲ್, ಶಾಟ್‌ಗನ್ ಆದರೆ ಕೊಡಬಹುದು. ಆದರೆ ಗಿರಾಕಿ ಖುದ್ದಾಗಿ ಎದುರಿಗೆ ಇರಬೇಕು, ಎರಡೂ ರಾಜ್ಯಗಳ ಕಾನೂನು ಪಾಲಿಸಿರಬೇಕು. ನ್ಯೂಜೆರ್ಸಿಯವರಾದರೆ ಅಲ್ಲಿನ ಪೊಲೀಸರು ಕೊಟ್ಟ ಗುರುತಿನ ಚೀಟಿ ತೋರಿಸಬೇಕು. ಬಂದೂಕು ಕೊಳ್ಳುವವರಿಗೆಂದೇ ಇರುವ ಚೀಟಿ ಅದು.

ಈ ನಿಯಮ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಬೇಕು. 1963ರ ಮಾರ್ಚ್‌ನಲ್ಲಿ ಒಬ್ಬ ಮನುಷ್ಯ ಪತ್ರಿಕೆಯ ಜಾಹೀರಾತಿನ ಕೂಪನ್ ತುಂಬಿ, ಸುಳ್ಳು ಹೆಸರು ಬರೆದು, ಷಿಕಾಗೋದ ಒಂದು ಅಂಗಡಿಯಿಂದ ಟೆಕ್ಸಾಸ್‌ನ ಡಲಾಸ್‌ನ ಪೋಸ್ಟ್ ಬಾಕ್ಸಿಗೆ ಒಂದು ರೈಫಲ್ ತರಿಸಿಕೊಂಡ. ಬೆಲೆ 19 ಡಾಲರ್ 95 ಸೆಂಟ್. ಆ ವರ್ಷದ ನವೆಂಬರ್‌ನಲ್ಲಿ ಅದೇ ರೈಫಲ್ಲಿನಿಂದ ಅಧ್ಯಕ್ಷ ಕೆನಡಿಯವರ ಕೊಲೆಯಾಯಿತು. ಆಮೇಲೂ ಕಾನೂನು ಬರಲು ಐದು ವರ್ಷ ಹಿಡಿಯಿತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದ ಮೇಲೆ, ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಬೇರೆ ರಾಜ್ಯದ ಜನಸಾಮಾನ್ಯರಿಗೆ ಅಂಚೆಯಲ್ಲಿ ಬಂದೂಕು ಮಾರುವುದು ಅಲ್ಲಿಗೆ ನಿಂತಿತು. ಮೊದಲು ರೈಫಲ್, ಶಾಟ್‌ಗನ್‌ನಂಥ ಉದ್ದ ಬಂದೂಕುಗಳಿಗೂ ನಿಯಮ ಬಿಗಿಯಾಗಿತ್ತು. 1986ರಲ್ಲಿ ಅದನ್ನು ಸಡಿಲ ಮಾಡಿದರು.

ಪಿಸ್ತೂಲಿಗೆ ಇಲ್ಲ ಅಂದಾಗ ಜನ ನನ್ನ ಮೇಲೆ ರೇಗುತ್ತಿದ್ದರು. ಅದು ನನಗೆ ಅಷ್ಟು ಕಷ್ಟ ಅನ್ನಿಸುತ್ತಿರಲಿಲ್ಲ. ಕಾನೂನು ಸ್ಪಷ್ಟವಾಗಿದೆ, ನನ್ನ ತಲೆ ಓಡಿಸುವ ಪ್ರಶ್ನೆಯೇ ಇಲ್ಲ. ಕಷ್ಟ ಇದ್ದದ್ದು ಬೇರೆ ಕಡೆ. ಮ್ಯಾಗಜಿನ್ ತೆಗೆದುಕೊಳ್ಳಿ, ಅಂದರೆ ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ. ನ್ಯೂಜೆರ್ಸಿಯಲ್ಲಿ 2018ರಿಂದ ಹತ್ತು ಗುಂಡಿಗಿಂತ ಜಾಸ್ತಿ ಹಿಡಿಯುವ ಮ್ಯಾಗಜಿನ್ ಸಾಮಾನ್ಯ ಜನ ಇಟ್ಟುಕೊಳ್ಳುವಂತಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಆ ಮಿತಿಯಿಲ್ಲ. ಅದನ್ನು ಮಾರಬೇಡ ಅಂತ ಕೇಂದ್ರದ ಕಾನೂನೂ ಹೇಳುವುದಿಲ್ಲ. ಗಿರಾಕಿಯ ನಂಬರ್ ಪ್ಲೇಟು ಕಿಟಕಿಯಿಂದ ಕಾಣುತ್ತಿದೆ. ಸೇತುವೆ ದಾಟಿದ ಕೂಡಲೇ ಅವನ ಕೈಯಲ್ಲಿ ಇರುವುದು ಅಪರಾಧದ ವಸ್ತು. ಈಗ ಕೊಡಬೇಕಾ, ಬೇಡವಾ? ನಾನು ಕೊಡುತ್ತಿರಲಿಲ್ಲ. ನಮ್ಮ ಯಜಮಾನರು ಅದಕ್ಕೆ ಅಡ್ಡಿ ಮಾಡಲಿಲ್ಲ. ಎಲ್ಲ ಅಂಗಡಿಗಳಲ್ಲೂ ಹಾಗಿರುವುದಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಇಬ್ಬರು ಬರುತ್ತಾರೆ. ಹುಡುಗ ಬೆರಳು ತೋರಿಸಿ "ಅದು ಬೇಕು" ಅನ್ನುತ್ತಾನೆ. ಹುಡುಗಿ ಫಾರಂ ತುಂಬುತ್ತಾಳೆ. ಅವಳಿಗೆ ಬಂದೂಕಿನ ಹೆಸರೂ ಸರಿಯಾಗಿ ಗೊತ್ತಿಲ್ಲ. ದುಡ್ಡು ಹುಡುಗನ ಜೇಬಿನಿಂದ ಬಂದು ಅವಳ ಕೈಯಿಂದ ನನ್ನ ಕೈಗೆ ಬರುತ್ತದೆ. ಬೇರೆಯವರ ಪರವಾಗಿ ಹೆಸರು ಕೊಟ್ಟು ಕೊಳ್ಳುವುದು ಇದು. 4473 ಅನ್ನುವ ಆ ಫಾರಂನಲ್ಲಿ "ನಿಜವಾದ ಖರೀದಿದಾರರು ನೀವೇನಾ?" ಅಂತ ಕೇಳಿರುತ್ತಾರೆ. ಸುಳ್ಳು ಬರೆದರೆ ಜೈಲು. ಆದರೆ ಕೊಳ್ಳುವವರ ಮೇಲೆ ಕೇಸು ಇದೆಯಾ ಅಂತ ನೋಡುವ ಹಿನ್ನೆಲೆ ತಪಾಸಣೆಯಲ್ಲಿ ಇದು ಸಿಕ್ಕುವುದಿಲ್ಲ, ಏಕೆಂದರೆ ಹುಡುಗಿಯ ಮೇಲೆ ಯಾವ ಕೇಸೂ ಇಲ್ಲ. ಅಲ್ಲಿ ಇರುವ ತಡೆ ಅಂದರೆ ಕೌಂಟರಿನ ಹಿಂದೆ ನಿಂತವನ ಕಣ್ಣು ಮಾತ್ರ. ಅಂಥ ಕಡೆ "ಇವತ್ತು ಈ ವ್ಯಾಪಾರ ಬೇಡ" ಅಂತ ಹೇಳುವ ಅಧಿಕಾರ ನನಗಿತ್ತು. ಹೇಳಿದ್ದೇನೆ.

ಬೇರೆ ರಾಜ್ಯದ ಬಂದೂಕು ಬಿಗಿ ಕಾನೂನಿನ ರಾಜ್ಯಕ್ಕೆ ನುಗ್ಗುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2016ರಲ್ಲಿ ಒಂದು ವರದಿ ಕೊಟ್ಟಿತು. ಅಪರಾಧಗಳಲ್ಲಿ ಸಿಕ್ಕಿಬಿದ್ದು, ಮೂಲ ಪತ್ತೆಯಾದ ಬಂದೂಕುಗಳಲ್ಲಿ ಶೇಕಡ 74ರಷ್ಟು ಬೇರೆ ರಾಜ್ಯಗಳಿಂದ ಬಂದವು. ಫ್ಲಾರಿಡಾ, ಜಾರ್ಜಿಯಾ, ಕೆರೊಲೈನಾಗಳು, ವರ್ಜೀನಿಯಾ, ಹೀಗೆ ಐ-95 ಹೆದ್ದಾರಿಯುದ್ದಕ್ಕೂ ಹತ್ತಿ ಬರುತ್ತವೆ. ಆ ಹೆದ್ದಾರಿಗೆ 'ಕಬ್ಬಿಣದ ಪೈಪು' ಅಂತಲೇ ಪೊಲೀಸರು ಹೆಸರಿಟ್ಟಿದ್ದಾರೆ. 2006ರಲ್ಲಿ ನ್ಯೂಯಾರ್ಕ್ ನಗರ ಖಾಸಗಿ ಪತ್ತೇದಾರರನ್ನು ಐದು ರಾಜ್ಯಗಳ ಅಂಗಡಿಗಳಿಗೆ ಕಳಿಸಿ, ನಾನು ಈಗ ಹೇಳಿದ ಹುಡುಗ-ಹುಡುಗಿಯ ನಾಟಕವನ್ನೇ ಆಡಿಸಿತು. ಮಾರಿಬಿಟ್ಟ 27 ಅಂಗಡಿಗಳ ಮೇಲೆ ದಾವೆ ಹೂಡಿತು.

ಆದರೆ ಇದೇ ಕಾನೂನು ಎಂಥವರನ್ನು ಹಿಡಿಯಿತು ನೋಡಿ. ವರ್ಜೀನಿಯಾದಲ್ಲಿ ಅಬ್ರಾಮ್ಸ್ಕಿ ಅಂತ ಒಬ್ಬ ಮಾಜಿ ಪೊಲೀಸ್. ಪೊಲೀಸರಿಗೆ ಗ್ಲಾಕ್ ಪಿಸ್ತೂಲು ರಿಯಾಯಿತಿಯಲ್ಲಿ ಸಿಗುತ್ತದೆ. ಪೆನ್ಸಿಲ್ವೇನಿಯಾದಲ್ಲಿದ್ದ ಸೋದರಮಾವನಿಗೂ ಆ ಬೆಲೆಗೇ ಸಿಗಲಿ ಅಂತ 2009ರಲ್ಲಿ ಒಂದು ಕೊಂಡ. ಮಾವ ಮೊದಲೇ 400 ಡಾಲರಿನ ಚೆಕ್ ಕಳಿಸಿದ್ದರು. ಆಮೇಲೆ ಪಿಸ್ತೂಲನ್ನು ಕದ್ದುಮುಚ್ಚಿ ಕೊಡಲಿಲ್ಲ. ಪೆನ್ಸಿಲ್ವೇನಿಯಾದ ಲೈಸೆನ್ಸ್ ಇರುವ ಅಂಗಡಿಯ ಮೂಲಕ, ಮಾವನ ತಪಾಸಣೆಯನ್ನೂ ಮಾಡಿಸಿ ಕೊಟ್ಟ. ಮಾವನಿಗೆ ಬಂದೂಕು ಇಟ್ಟುಕೊಳ್ಳಲು ಎಲ್ಲ ಅರ್ಹತೆಯೂ ಇತ್ತು. ಆದರೂ ವರ್ಜೀನಿಯಾದ ಫಾರಂನಲ್ಲಿ "ನಿಜವಾದ ಖರೀದಿದಾರ ನಾನೇ" ಅಂತ ಬರೆದದ್ದು ಸುಳ್ಳು ಅಂತ ಶಿಕ್ಷೆಯಾಯಿತು. 2014ರಲ್ಲಿ ಸುಪ್ರೀಂ ಕೋರ್ಟು ಐವರು-ನಾಲ್ವರ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿಯಿತು. ನಾನು ಆ ತೀರ್ಪನ್ನು ಓದಿದ್ದೇನೆ. ಬಹುಮತದ ಮಾತು ನನಗೆ ಒಪ್ಪಿಗೆ. ಕೌಂಟರಿನಲ್ಲಿ ನಿಂತವನ ಎದುರಿಗೆ ಇರುವ ಮನುಷ್ಯನೇ ಕೊಳ್ಳುವವನಾಗಿಲ್ಲದಿದ್ದರೆ ತಪಾಸಣೆಗೆ ಅರ್ಥವೇ ಉಳಿಯುವುದಿಲ್ಲ. ಆದರೂ ಆ ಮನುಷ್ಯನನ್ನು ನೆನೆದರೆ ಪಾಪ ಅನ್ನಿಸುತ್ತದೆ.

ಇಲ್ಲಿ ಮುಂದಿನ ಸಾಲಿನವರು ಒಂದು ಪ್ರಶ್ನೆ ಕೇಳಿದರು, "ನಾವು ಎಚ್-1ಬಿಯಲ್ಲಿ ಇದ್ದೇವೆ, ನಾವು ಕೊಳ್ಳಬಹುದಾ?" ಅಂತ. ಇದನ್ನು ಆಮೇಲೆ ಹೇಳೋಣ ಅಂತಿದ್ದೆ, ಆದರೆ ಈಗಲೇ ಹೇಳುತ್ತೇನೆ, ಏಕೆಂದರೆ ನಮ್ಮ ಮಕ್ಕಳು, ತಮ್ಮಂದಿರು ಸುಮ್ನೆ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಎಚ್-1ಬಿ, ಎಲ್-1, ಎಚ್-4, ಎಫ್-1, ಹೀಗೆ ವಲಸೆಯಲ್ಲದ, ಅಂದರೆ ಕೆಲಸಕ್ಕೋ ಓದಿಗೋ ಸ್ವಲ್ಪ ಕಾಲಕ್ಕೆ ಕೊಡುವ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಬಂದೂಕನ್ನೂ ಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಮುಖ್ಯವಾದದ್ದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ಭಾನುವಾರ ಗೆಳೆಯರ ಜೊತೆ ಗುರಿ ಅಭ್ಯಾಸದ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದರೂ ಇದೇ ನಿಯಮ. ಯುಎಇಯಿಂದ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿ ಕಾಲೇಜಿನಿಂದ ಹೊರಬಿದ್ದು ವೀಸಾ ಹಕ್ಕು ಕಳೆದುಕೊಂಡ ಮೇಲೆ ಫ್ಲಾರಿಡಾದ ಒಂದು ರೇಂಜಿನಲ್ಲಿ ಗುಂಡು ಹಾರಿಸಿದ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2019ರ ಆ ತೀರ್ಪಿನಲ್ಲಿ ಕೋರ್ಟು ಹೇಳಿದ್ದು, ತನ್ನ ಸ್ಥಿತಿ ಏನು ಅಂತ ಆರೋಪಿಗೆ ಗೊತ್ತಿತ್ತು ಅನ್ನುವುದನ್ನು ಸರ್ಕಾರ ಸಾಬೀತು ಮಾಡಬೇಕು ಅಂತ. ಈ ಅಪರಾಧಕ್ಕೆ 2022ರಿಂದ ಗರಿಷ್ಠ ಶಿಕ್ಷೆ 15 ವರ್ಷ. ನಾನು ಈಗ ಹೇಳಿದ್ದೇನೆ, ಇನ್ನು ನಿಮಗೆ ಗೊತ್ತಿರಲಿಲ್ಲ ಅನ್ನಲು ಆಗುವುದಿಲ್ಲ. ಗಂಭೀರವಾಗಿಯೇ ಹೇಳುತ್ತಿದ್ದೇನೆ, ಮನೆಗೆ ಹೋಗಿ ಮಕ್ಕಳಿಗೂ ಹೇಳಿ.

ಈಗ ನದಿಯ ಆಚೆ ದಡಕ್ಕೆ ಬರೋಣ.

ನ್ಯೂಜೆರ್ಸಿಯಲ್ಲಿ ಬಂದೂಕು ಕೊಳ್ಳಲು ಅನುಮತಿ ಕೊಡುವವರು ನಿಮ್ಮ ಊರಿನ ಪೊಲೀಸ್ ಮುಖ್ಯಸ್ಥರು. ಊರಿಗೆ ಸ್ವಂತ ಪೊಲೀಸ್ ಇಲ್ಲದಿದ್ದರೆ ರಾಜ್ಯ ಪೊಲೀಸರು. ರೈಫಲ್, ಶಾಟ್‌ಗನ್‌ಗೆ ಒಂದು ಗುರುತಿನ ಚೀಟಿ. ಪಿಸ್ತೂಲಿಗೆ ಒಂದೊಂದಕ್ಕೂ ಬೇರೆ ಬೇರೆ ಪರ್ಮಿಟ್. ಬೆರಳಚ್ಚು ಕೊಡಬೇಕು, ನಿಮ್ಮನ್ನು ಬಲ್ಲ ಇಬ್ಬರ ಹೆಸರು ಕೊಡಬೇಕು. ಯಾರಿಗೆ ಕೊಡಬಾರದು ಅಂತ ಕಾನೂನಿನಲ್ಲಿ ಪಟ್ಟಿ ಇದೆ. ಆ ಪಟ್ಟಿಯ ಜೊತೆಗೆ ಒಂದು ಸಾಲೂ ಇದೆ: ಕೊಡುವುದು ಸಾರ್ವಜನಿಕರ ಆರೋಗ್ಯ, ಸುರಕ್ಷತೆ, ಕ್ಷೇಮಕ್ಕೆ ಒಳ್ಳೆಯದಲ್ಲ ಅನ್ನಿಸಿದರೆ ಕೊಡಬೇಡಿ ಅಂತ. ಪೊಲೀಸ್ ಅಧಿಕಾರಿಗೆ ಬಿಟ್ಟ ಜಾಗ ಅದು. ಕಾನೂನಿನ ಭಾಷೆಯಲ್ಲಿ ಅದಕ್ಕೆ ವಿವೇಚನಾಧಿಕಾರ ಅನ್ನುತ್ತಾರೆ. ನಮ್ಮ ಊರಿನ ಭಾಷೆಯಲ್ಲಿ ಮರ್ಜಿ ಅನ್ನುತ್ತಾರೆ. ಎರಡೂ ಒಂದೇ ಅಲ್ಲ. ಕಾರಣ ಹೇಳಬಲ್ಲದ್ದು, ಕೇಳಿದರೆ ಬರೆದು ಕೊಡಬಲ್ಲದ್ದು ವಿವೇಚನೆ. "ಹೋಗ್ರೀ, ಮುಂದಿನ ವಾರ ಬನ್ನಿ" ಅನ್ನುವುದು ಮರ್ಜಿ.

ನಾನು ಮಲೆನಾಡಿನವನು. ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಒಂದು ಕೋವಿ ಇತ್ತು. ಹಂದಿ, ಮಂಗ ಓಡಿಸಲು. ಲೈಸೆನ್ಸ್ ನವೀಕರಿಸುವ ಸಮಯ ಬಂದರೆ ನಮ್ಮಪ್ಪನ ಮುಖ ಬಾಡುತ್ತಿತ್ತು. ಒಂದು ಸಲ ಆ ಕಚೇರಿಗೆ ಅವರು ಹನ್ನೊಂದು ಬಾರಿ ಅಲೆದರು. ಆಗುವುದಿಲ್ಲ ಅಂತ ಒಬ್ಬರೂ ಹೇಳಲಿಲ್ಲ, ಆಗುತ್ತದೆ ಅಂತಲೂ ಹೇಳಲಿಲ್ಲ. ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು, ಅದೇ ಹೊತ್ತಿಗೆ ಹಂದಿ ಗದ್ದೆಗೆ ಇಳಿಯುತ್ತದೆ. ನಿಮ್ಮಲ್ಲಿ ಕೊಡಗಿನವರು ಇದ್ದರೆ ಅವರ ಅನುಭವ ಬೇರೆ. ಕೊಡವ ಜನಾಂಗದವರಿಗೆ, ಜಮ್ಮಾ ಭೂಮಿ ಇದ್ದವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲಿ ಹಕ್ಕು ಅಧಿಕಾರಿಯ ಮೇಜಿನ ಮೇಲಿಲ್ಲ. ಅಪ್ಪನ ಆ ಹನ್ನೊಂದು ಅಲೆದಾಟ ನೆನಪಿದ್ದದ್ದರಿಂದಲೇ ನ್ಯೂಜೆರ್ಸಿಯ ಗಿರಾಕಿಗಳು ರೇಗಿದರೆ ನನಗೆ ಸಿಟ್ಟು ಬರುತ್ತಿರಲಿಲ್ಲ.

2014ರ ಚಳಿಗಾಲದಲ್ಲಿ ಒಬ್ಬ ಹೆಂಗಸು ಬಂದರು. ನ್ಯೂಜೆರ್ಸಿಯವರು. ನಲವತ್ತರ ಆಸುಪಾಸು. ಬಿಟ್ಟುಬಂದ ಗಂಡ ಬೆದರಿಸುತ್ತಿದ್ದ, ಹತ್ತಿರ ಬರಬಾರದು ಅಂತ ಕೋರ್ಟಿನ ಆದೇಶ ಇತ್ತು. ಆ ಆದೇಶದ ಪ್ರತಿಯನ್ನು ಬ್ಯಾಗಿನಿಂದ ತೆಗೆದು ಕೌಂಟರಿನ ಮೇಲೆ ಬಿಡಿಸಿ ತೋರಿಸಿದರು. ಪರ್ಮಿಟ್‌ಗೆ ಅರ್ಜಿ ಹಾಕಿ ಎರಡು ತಿಂಗಳು ದಾಟಿದೆ, ಚಿಕ್ಕ ಪಿಸ್ತೂಲು ಒಂದು ಕೊಡಿ, ಅಂದರು. ನಾನು ಆಗುವುದಿಲ್ಲ ಅಂದೆ. ಅವರು ಜಗಳ ಆಡಲಿಲ್ಲ. ಆ ಕಾಗದವನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿ ಬ್ಯಾಗಿನೊಳಗೆ ಇಟ್ಟುಕೊಂಡು ಹೋದರು. ನಾನು ಇಲ್ಲ ಅಂದದ್ದು ಸರಿಯೇ ಅಂತ ಇವತ್ತಿಗೂ ನಂಬಿದ್ದೇನೆ. ಆ ರಾತ್ರಿ ನಿದ್ದೆ ಮಾತ್ರ ಬರಲಿಲ್ಲ.

ಮರುವರ್ಷ, 2015ರ ಜೂನ್‌ನಲ್ಲಿ, ನ್ಯೂಜೆರ್ಸಿಯ ಬರ್ಲಿನ್ ಟೌನ್‌ಶಿಪ್‌ನಿಂದ ಒಂದು ಸುದ್ದಿ ಬಂತು. ಹೆಸರು ನೋಡುವವರೆಗೂ ಅದೇ ಹೆಂಗಸು ಅಂದುಕೊಂಡೆ. ಅಲ್ಲ, ಬೇರೆಯವರು. ಆದರೆ ಕಥೆ ಅದೇ. ಹಳೆಯ ಸಂಗಾತಿಯ ವಿರುದ್ಧ ಕೋರ್ಟಿನ ಆದೇಶ ಪಡೆದಿದ್ದರು. ಮನೆಗೆ ಕ್ಯಾಮೆರಾ ಹಾಕಿಸಿದ್ದರು. ಏಪ್ರಿಲ್‌ನಲ್ಲಿ ಬಂದೂಕಿನ ಪರ್ಮಿಟ್‌ಗೆ ಅರ್ಜಿ ಕೊಟ್ಟಿದ್ದರು. ಕಾನೂನು 30 ದಿನದೊಳಗೆ ತೀರ್ಮಾನ ಮಾಡಬೇಕು ಅನ್ನುತ್ತದೆ. 30 ದಿನ ಕಳೆದಿತ್ತು, ತೀರ್ಮಾನ ಆಗಿರಲಿಲ್ಲ. ಅವನು ಬಂದು ಮನೆಯ ಮುಂದೆಯೇ ಚೂರಿಯಿಂದ ಇರಿದು ಕೊಂದ.

ಬಂದೂಕು ಇದ್ದಿದ್ದರೆ ಅವರು ಉಳಿಯುತ್ತಿದ್ದರಾ? ಗೊತ್ತಿಲ್ಲ. ಅಂಥ ಮಾತನ್ನು ಯಾರೂ ಖಚಿತವಾಗಿ ಹೇಳಬಾರದು. ಬಂದೂಕು ಇರುವ ಮನೆಯಲ್ಲಿ ಅದೇ ಬಂದೂಕು ಹೆಂಗಸಿನ ಮೇಲೆ ತಿರುಗುವುದೂ ಉಂಟು. ನಾನು ಕೇಳುವುದು ಇಷ್ಟೇ. ಅವರಿಗೆ "ಇಲ್ಲ" ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಕೋರ್ಟಿಗೆ ಹೋಗಬಹುದಿತ್ತು. ಉತ್ತರವೇ ಕೊಡದೆ ಇಟ್ಟರೆ ಎಲ್ಲಿಗೆ ಹೋಗಬೇಕು? ತಡ ಮಾಡುವುದೂ ಮರ್ಜಿಯ ಒಂದು ರೂಪ, ಮತ್ತು ಅದಕ್ಕೆ ಯಾರೂ ಸಹಿ ಹಾಕಬೇಕಾಗಿಲ್ಲ.

ಈ ಮರ್ಜಿಗೆ ಹಳೆಯ ಚರಿತ್ರೆ ಇದೆ. 1956ರ ಜನವರಿ 30ರಂದು ಅಲಬಾಮಾದ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬು ಹಾಕಿದರು. ಹೆಂಡತಿ, ಎಳೆಯ ಮಗು ಒಳಗಿದ್ದರು. ಆಮೇಲೆ ಅವರು ಪಿಸ್ತೂಲು ಜೊತೆಗಿಟ್ಟುಕೊಳ್ಳಲು ಅನುಮತಿ ಕೇಳಿದರು. ಅಲ್ಲಿನ ಅಧಿಕಾರಿಗಳು ಕೊಡಲಿಲ್ಲ. ಮನೆಗೆ ಬಾಂಬು ಬಿದ್ದವನಿಗಿಂತ ದೊಡ್ಡ ಕಾರಣ ಯಾರಿಗೆ ಇರುತ್ತದೆ? ಅಹಿಂಸೆಯ ಹಾದಿ ಅವರಲ್ಲಿ ಗಟ್ಟಿಯಾದದ್ದು ಆಮೇಲೆ, ಮತ್ತೆ ಬಂದೂಕಿನ ಕಡೆ ಅವರು ನೋಡಲಿಲ್ಲ.

ನ್ಯೂಯಾರ್ಕಿನಲ್ಲಿ 1911ರ ಸಲಿವನ್ ಕಾಯ್ದೆಯ ಕಾಲದಿಂದ ಪಿಸ್ತೂಲಿಗೆ ಲೈಸೆನ್ಸ್. ಹೊರಗೆ ಒಯ್ಯಬೇಕಾದರೆ "ಸರಿಯಾದ ಕಾರಣ" ತೋರಿಸಬೇಕಿತ್ತು. ನಗರದೊಳಗೆ ಅದನ್ನು ಪೊಲೀಸ್ ಕಮಿಷನರ್ ಕಚೇರಿ ನೋಡುತ್ತಿತ್ತು, ಹೊರಗಿನ ಬಹುತೇಕ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥವುಗಳಲ್ಲಿ, ನ್ಯಾಯಾಧೀಶರು. ಎಲ್ಲರಿಗೂ ಇರುವ ಭಯ ಸಾಲದು, ನಿನಗೇ ವಿಶೇಷವಾಗಿ ಏನಿದೆ ಹೇಳು ಅನ್ನುತ್ತಿದ್ದರು. 2022ರ ಜೂನ್ 23ರಂದು ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ಆರು-ಮೂರು ಬಹುಮತದಿಂದ ಹೊಡೆದುಹಾಕಿತು. ಇಂಥದೇ ಪದ್ಧತಿ ಕ್ಯಾಲಿಫೋರ್ನಿಯಾ, ಹವಾಯಿ, ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿಯಲ್ಲೂ ಇತ್ತು. ನ್ಯೂಜೆರ್ಸಿ ಮರುದಿನವೇ ತನ್ನ ಷರತ್ತನ್ನು ಕೈಬಿಟ್ಟಿತು. ಆ ತೀರ್ಪಿನ ಉಳಿದ ತರ್ಕ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇವತ್ತಿನ ಕಾನೂನನ್ನು ಇನ್ನೂರು ವರ್ಷ ಹಿಂದಿನ ಚರಿತ್ರೆಯ ಮೇಲೆ ಅಳೆಯುವುದು ಸರಿಯಲ್ಲ ಅಂತ ನನ್ನ ಭಾವನೆ. ಆದರೆ ಕಾರಣ ಹೇಳದ ಮರ್ಜಿ ಹೋದದ್ದು ಒಳ್ಳೆಯದೇ ಆಯಿತು.

ಯಾಕೆ ಒಳ್ಳೆಯದು ಅಂದರೆ ಮರ್ಜಿ ಇದ್ದ ಕಡೆ ಅದಕ್ಕೆ ಬೆಲೆ ಹುಟ್ಟುತ್ತದೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ ನಿಮಗೆಲ್ಲ ಗೊತ್ತು. ಸನ್ನಿವೇಲ್, ಕ್ಯುಪರ್ಟಿನೋ, ನಮ್ಮವರೇ ತುಂಬಿರುವ ಜಾಗ. ಅಲ್ಲಿ ಬಂದೂಕು ಒಯ್ಯುವ ಪರ್ಮಿಟ್ ಕೊಡುವುದು ಶೆರಿಫ್, ಅಂದರೆ ಚುನಾವಣೆಯಲ್ಲಿ ಗೆದ್ದು ಬರುವ ಪೊಲೀಸ್ ಮುಖ್ಯಸ್ಥರ ಕೈಯಲ್ಲಿತ್ತು. ಸಾಮಾನ್ಯರ ಅರ್ಜಿಗಳು ಸುಮ್ನೆ ಬಿದ್ದಿರುತ್ತಿದ್ದವು. ಚುನಾವಣೆಗೆ ದೇಣಿಗೆ ಕೊಟ್ಟವರಿಗೆ, ಬೇಕಾದವರಿಗೆ ಮಾತ್ರ ಸಿಗುತ್ತಿತ್ತು ಅನ್ನುವ ಆರೋಪ ಬಂತು. 2022ರ ನವೆಂಬರ್‌ನಲ್ಲಿ ಜ್ಯೂರಿ ಆಗಿನ ಶೆರಿಫ್ ತಪ್ಪಿತಸ್ಥರು ಅಂತ ಹೇಳಿತು. ಅದಕ್ಕೆ ಕೆಲವು ದಿನ ಮೊದಲು ಅವರು ರಾಜೀನಾಮೆ ಕೊಟ್ಟಿದ್ದರು.

ಅದೇ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬಗೆ. ಅಲ್ಲಿ ಅಂಗಡಿಯಲ್ಲಿ ಹೊಸದಾಗಿ ಮಾರಲು ಒಪ್ಪಿಗೆ ಇರುವ ಪಿಸ್ತೂಲುಗಳ ಒಂದು ಪಟ್ಟಿ ಇದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಜನ ಅಂಗಡಿಯಿಂದ ಕೊಳ್ಳುವಂತಿಲ್ಲ, ಪೊಲೀಸರು ಕೊಳ್ಳಬಹುದು. ಕೆಲವು ಪೊಲೀಸರು ಹಾಗೆ ಕೊಂಡು, ಹೆಚ್ಚು ಬೆಲೆಗೆ ಮಾರುವುದನ್ನೇ ವ್ಯಾಪಾರ ಮಾಡಿಕೊಂಡರು. ಪಾಸಡೀನಾದ ಒಬ್ಬ ಪೊಲೀಸ್ ಲೆಫ್ಟಿನೆಂಟ್ ಲೈಸೆನ್ಸ್ ಇಲ್ಲದೆ ನೂರಕ್ಕೂ ಹೆಚ್ಚು ಬಂದೂಕು ಮಾರಿ ಜೈಲಿಗೆ ಹೋದರು. ಜನರಿಗೆ ಒಂದು ಕಾನೂನು, ಪೊಲೀಸರಿಗೆ ಇನ್ನೊಂದು ಅನ್ನುವ ಸಿಟ್ಟು ಬಂದೂಕು ತಯಾರಕರಲ್ಲೂ ಇದೆ. 2004ರಲ್ಲಿ ಕ್ಯಾಲಿಫೋರ್ನಿಯಾ .50 ಕ್ಯಾಲಿಬರ್ ರೈಫಲ್ಲುಗಳನ್ನು ಸಾಮಾನ್ಯರಿಗೆ ನಿಷೇಧಿಸಿದಾಗ, ಟೆನ್ನೆಸ್ಸಿಯ ಬ್ಯಾರೆಟ್ ಕಂಪನಿ ಆ ರಾಜ್ಯದ ಪೊಲೀಸರಿಗೂ ಮಾರುವುದಿಲ್ಲ, ರಿಪೇರಿಯನ್ನೂ ಮಾಡಿಕೊಡುವುದಿಲ್ಲ ಅಂತ ಘೋಷಿಸಿತು.

ಕೊನೆಯದಾಗಿ ಸೇತುವೆಗೇ ವಾಪಸ್ ಬರುತ್ತೇನೆ. 2013ರ ಅಕ್ಟೋಬರ್. ಫಿಲಡೆಲ್ಫಿಯಾದ 27 ವರ್ಷದ ಒಬ್ಬ ತಾಯಿ, ಇಬ್ಬರು ಮಕ್ಕಳು. ಪೆನ್ಸಿಲ್ವೇನಿಯಾದ ಲೈಸೆನ್ಸ್ ಇತ್ತು. ಅದು ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ ಅಂತ ಆಕೆಗೆ ತಿಳಿದಿರಲಿಲ್ಲ. ಅಟ್ಲಾಂಟಿಕ್ ಕೌಂಟಿಯಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ, ಬಂದೂಕು ಇದೆ ಅಂತ ಆಕೆಯೇ ಹೇಳಿದರು. ಅಧಿಕಾರಿ ಬಂಧಿಸಿದರು. ಕನಿಷ್ಠ ಮೂರೂವರೆ ವರ್ಷ ಜೈಲು ಆಗಬಹುದಾದ ಆರೋಪ. ಜೈಲಿನ ಬದಲು ತಿದ್ದಿಕೊಳ್ಳುವ ಅವಕಾಶ ಕೊಡಲು ಪ್ರಾಸಿಕ್ಯೂಟರ್ ಮೊದಲು ಒಪ್ಪಲಿಲ್ಲ. ದೇಶವೆಲ್ಲ ಮಾತಾಡಿದ ಮೇಲೆ, 2014ರಲ್ಲಿ, ಅದೇ ಪ್ರಾಸಿಕ್ಯೂಟರ್ ಒಪ್ಪಿದರು. 2015ರ ಏಪ್ರಿಲ್‌ನಲ್ಲಿ ಗವರ್ನರ್ ಕ್ರಿಸ್ಟಿ ಪೂರ್ತಿ ಕ್ಷಮೆ ಕೊಟ್ಟರು. ಕಾರು ಅದೇ, ಬಂದೂಕು ಅದೇ, ತಾಯಿ ಅದೇ. ಆಕೆ ಮನೆಗೆ ಹೋಗಬೇಕೋ ಜೈಲಿಗೆ ಹೋಗಬೇಕೋ ಅನ್ನುವುದು ಯಾರ ಮೇಜಿನ ಮೇಲೆ ಫೈಲು ಇದೆ ಅನ್ನುವುದರ ಮೇಲೆ ನಿಂತಿತ್ತು.

ಹಾಗಾದರೆ ಪೊಲೀಸರ ಕೈಯಲ್ಲಿ ಏನೂ ಇರಬಾರದಾ ಅಂತ ನೀವು ಕೇಳಬಹುದು. ಇರಬೇಕು ಅಂತಲೇ ನನ್ನ ಅಭಿಪ್ರಾಯ. ನೆರೆಮನೆಯವರನ್ನು ಹೆದರಿಸುವವನ ಹೆಸರು ಯಾವ ಕಂಪ್ಯೂಟರಿನಲ್ಲೂ ಇರುವುದಿಲ್ಲ, ಊರಿನ ಪೊಲೀಸರಿಗೆ ಗೊತ್ತಿರುತ್ತದೆ. ಕೌಂಟರಿನಲ್ಲಿ ನನಗೆ ಕಂಡದ್ದು ಫಾರಂನಲ್ಲಿ ಕಾಣುತ್ತಿರಲಿಲ್ಲ ಅಲ್ವಾ, ಹಾಗೆಯೇ. ಆದರೆ ನನ್ನ "ಇಲ್ಲ"ಕ್ಕೂ ಅವರ "ಇಲ್ಲ"ಕ್ಕೂ ತುಂಬ ವ್ಯತ್ಯಾಸ ಇದೆ. ನಾನು ಇಲ್ಲ ಅಂದರೆ ಪಕ್ಕದ ಅಂಗಡಿ ಇದೆ. ಅವರು ಇಲ್ಲ ಅಂದರೆ ಪಕ್ಕದ ಪೊಲೀಸ್ ಠಾಣೆಗೆ ಹೋಗಲು ಆಗುವುದಿಲ್ಲ. ಹಾಗಾಗಿ ಅವರು ಕಾರಣ ಹೇಳಲೇಬೇಕು, ದಿನ ಮೀರಬಾರದು.

ನ್ಯೂಜೆರ್ಸಿಯ ಎಡಿಸನ್, ಪ್ಲೇನ್ಸ್‌ಬರೋ ಕಡೆಯ ಗ್ರೀನ್ ಕಾರ್ಡಿನವರು, ಪೌರರು ಯಾರಾದರೂ ಅರ್ಜಿ ಹಾಕುವವರಿದ್ದರೆ, ಹಾಕಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಈಗ ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, ಆ ಪುಟವನ್ನು ಪ್ರಿಂಟ್ ತೆಗೆದಿಡಿ. 31ನೇ ದಿನ ಠಾಣೆಗೆ ಹೋಗಿ, ಮರ್ಯಾದೆಯಿಂದ ಮಾತಾಡಿ, ಎಲ್ಲಿಗೆ ಬಂತು ಅಂತ ಕೇಳಿ. ಕೇಳಿದ್ದನ್ನು ಒಂದು ಇಮೇಲ್‌ನಲ್ಲೂ ಬರೆಯಿರಿ. ಇಲ್ಲ ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಆ ದಿನದಿಂದ ಸುಪೀರಿಯರ್ ಕೋರ್ಟಿಗೆ ಹೋಗಲು ನಿಮಗೂ 30 ದಿನ ಇರುತ್ತದೆ.